ಮೊದಲ ಪಾಠದ ಅಗುಳಿ

ನನಗೆ ಯಾರ ಮೇಲೂ ನಂಬಿಕೆಯಿಲ್ಲವೆಂದು ನಮ್ಮವ್ವ ಊರೆಲ್ಲ ಹೇಳಿಕೊಂಡು ಬರುತ್ತಿದ್ದಳು. ಹಾಲಿನವಳು ಅಳೆಯುವಾಗ ಪಾವಿನ ತಳ ನೋಡುತ್ತೇನಂತೆ, ನೆಂಟರು ಕೊಟ್ಟ ಉಂಡೆಯನ್ನು ಮುರಿದು ಒಳಗೇನಿದೆಯೆಂದು ನೋಡಿ ಬಾಯಿಗಿಡುತ್ತೇನಂತೆ. "ತಾ ಕಳ್ಳ ಪರರ ನಂಬ ಅಂತಾರಲ್ಲ, ಹಂಗೆ ಕಣೆ ನೀನು" ಎಂದು ನಗುವಳು. ನಾನೂ ನಗುತ್ತಿದ್ದೆ. ಆ ಗಾದೆ ಒಂದು ದಿನ ನನ್ನ ಹೆಬ್ಬೆರಳಿನ ಮೇಲೆಯೇ ಬಂದು ಕೂರುತ್ತದೆಂದು ಆಗ ಅನ್ನಿಸಿರಲಿಲ್ಲ.

ಹಾಗೆ ನೋಡಿದರೆ ನಮ್ಮ ಊರಿನಲ್ಲಿ ಅನುಮಾನ ದುರ್ಗುಣವಲ್ಲ. ಇಲ್ಲಿ ಬರಹ ನಿಲ್ಲುವುದಿಲ್ಲ. ಕಾಗದದ ಮೇಲಿನ ಶಾಯಿ ಎರಡು ಅಮಾವಾಸ್ಯೆ ಕಾಣುವುದಿಲ್ಲ, ಕಲ್ಲಿನಲ್ಲಿ ಕೆತ್ತಿಸಿದ್ದು ಒಂದು ಮಳೆಗಾಲ ತಡೆದರೆ ಹೆಚ್ಚು. ಅಂಚೆಯವನು ಕಾಗದ ಕೈಗಿಟ್ಟು "ಈಗ್ಲೇ ಓದ್ಕಂಬುಡಿ" ಎಂದು ಅಲ್ಲೇ ನಿಂತಿರುತ್ತಾನೆ. ಅಂಗಡಿಗಳಿಗೆ ಬೋರ್ಡಿಲ್ಲ, ಬೀಗದ ಅಂಗಡಿಯ ಮುಂದೆ ಬೀಗ ತೂಗುತ್ತದೆ, ಚಪ್ಪಲಿ ಅಂಗಡಿಯ ಮುಂದೆ ಒಂಟಿ ಚಪ್ಪಲಿ. ಕರಾರು, ಉಯಿಲು, ಪಾಲುಪತ್ರ ಏನೂ ಇಲ್ಲದ ಕಡೆ ಯಾರು ಏನು ಬೇಕಾದರೂ ಹೇಳಬಹುದು. ಆದ್ದರಿಂದ ಯಾರು ಏನು ಹೇಳಿದರೂ "ಹೌದಾ?" ಎಂದು ಒಮ್ಮೆ ಕೇಳುವುದು ನಮ್ಮಲ್ಲಿ ಮರ್ಯಾದೆ. ಕೇಳದಿದ್ದರೆ ಹೇಳಿದವರಿಗೇ ಬೇಸರವಾಗುತ್ತದೆ.

ಬರಹದ ಬದಲು ನಮಗೆ ಭಂಡಾರವಿದೆ. ಹೊರಗಿನಿಂದ ಬಂದವರು ಕೆಲವರು ಅದನ್ನು ಮ್ಯೂಸಿಯಂ ಎನ್ನುತ್ತಾರೆ, ಕೆಲವರು ಲೈಬ್ರರಿ ಎನ್ನುತ್ತಾರೆ. ಉದ್ದನೆಯ ಹಜಾರ, ಎರಡೂ ಬದಿಗೆ ಮರದ ಹಲಗೆಗಳು, ಹಲಗೆಗಳ ತುಂಬ ಸೌಟು, ಬಾಚಣಿಗೆ, ಕೊಡಲಿ, ಮುರಿದ ತೊಟ್ಟಿಲ ಕಾಲು. ಮದುವೆಯಾದರೆ, ಮನೆ ಪಾಲಾದರೆ, ಯಾರಾದರೂ ಸತ್ತರೆ ಆ ಮನೆಯಿಂದ ಒಂದು ವಸ್ತು ಇಲ್ಲಿಗೆ ಬರಬೇಕು. ಓದುಗಾರರು ಅದನ್ನು ನೋಡಿ, ಮೂಸಿ, ತೂಗಿ, ಸವರಿ, ಆ ಮನೆಯಲ್ಲಿ ನಡೆದದ್ದೇನೆಂದು ಎಲ್ಲರೆದುರು ಹೇಳುತ್ತಾರೆ. ಕಲಿಯುವವರು ಆ ಓದನ್ನು ಬಾಯಿಪಾಠ ಮಾಡಿ ಉಳಿಸಿಕೊಳ್ಳುತ್ತಾರೆ. ಯಾರಾದರೂ ಊರು ಬಿಟ್ಟು ಹೋದರೆ ಮಾತ್ರ ಮನೆಯವರು ವಸ್ತುವನ್ನು ಆರಿಸುವಂತಿಲ್ಲ, ಬೀದಿ ಬಾಗಿಲಿನ ಅಗುಳಿಯನ್ನೇ ಕಳಚಿ ತಂದು ಒಪ್ಪಿಸಬೇಕು. ತಾನಾಗಿ ಹೋದವರಿಗೆ ಆ ಮನೆಯಲ್ಲಿ ಮತ್ತೆ ಜಾಗವಿಲ್ಲ. ಹೊರಗೆ ಹಾಕಿಸಿಕೊಂಡವರಿಗೆ ಯಾವತ್ತು ಬಂದರೂ ಬಾಗಿಲುಂಟು. ಎರಡರಲ್ಲಿ ಯಾವುದು ನಡೆಯಿತೆಂದು ಅಗುಳಿಯನ್ನು ಓದಿ ಹೇಳುತ್ತಾರೆ.

ನಾನು ಭಂಡಾರಕ್ಕೆ ಕಲಿಯಲು ಸೇರಿ ಹನ್ನೊಂದು ವರ್ಷವಾಗಿತ್ತು. ಮರಿಸ್ವಾಮಪ್ಪ ಮೇಷ್ಟ್ರು ನಮ್ಮ ಗುರುಗಳು. ಎಪ್ಪತ್ತು ದಾಟಿದ ಮನುಷ್ಯ, ಮಾತಿಗೊಮ್ಮೆ ನಸ್ಯ ಏರಿಸುವವರು, ಊರಿನ ಹಿರಿಯ ಓದುಗಾರರು. ಅವರು ಕಲಿಸಿದ್ದೆಲ್ಲ ಸುಳ್ಳೆಂದು ನಾನು ಹೇಳಲಾರೆ. ಸೇರಿದ ಹೊಸದರಲ್ಲಿ ಒಂದು ಮರದ ಸೌಟು ಕೊಟ್ಟರು. ಎಡ ಅಂಚು ಸವೆದಿತ್ತು. "ಅಡಿಗೆಯವಳು ಎಡಚಿ" ಎಂದೆ. "ಮನೆಗೋಗಿ ನಿನ್ನ ಬಲಗೈಯಲ್ಲಿ ಮುದ್ದೆ ಪಾತ್ರೆ ಕೆರೆದು ನೋಡ್ಕಂಡು ಬಾ" ಎಂದರು. ಕೆರೆದು ನೋಡಿದೆ. ಬಲಗೈಯಲ್ಲಿ ಹಿಡಿದರೆ ಪಾತ್ರೆಗೆ ತಾಗುವುದು ಸೌಟಿನ ಎಡ ಅಂಚೇ. ಇನ್ನೊಮ್ಮೆ ಮೂರು ಕಡೆ ಬೆಸೆದ ತಾಮ್ರದ ಕೊಡ ಕೊಟ್ಟರು. ಬಡವರ ಮನೆಯದು ಎಂದೆ. "ಬಡತನಕ್ಕೂ ಬೆಸೀತಾರೆ, ಅವ್ವನ ಕೊಡ ಅಂತ ಪ್ರೀತಿಗೂ ಬೆಸೀತಾರೆ. ಬೆಸೆದದೆ ಅನ್ನು, ಅಷ್ಟೇ. ಕಂಡಿದ್ದನ್ನ ಮೊದ್ಲು ಹೇಳು, ತಿಳಿದಿದ್ದನ್ನ ಆಮೇಲೆ ಹೇಳು. ಎರಡನ್ನೂ ಕಲಸಬ್ಯಾಡ." ಈ ಮಾತನ್ನು ನಾನು ಇವತ್ತಿಗೂ ತಲೆಯ ಮೇಲೆ ಹೊರುತ್ತೇನೆ.

ಹೊಸಬರಿಗೆಲ್ಲ ಮೊದಲ ಪಾಠ ಒಂದು ಅಗುಳಿ. ಹಲಸಿನ ಮರದ್ದು, ನನ್ನ ತೋಳಿಗಿಂತ ಒಂದು ಗೇಣು ಉದ್ದ. ಇಂಥ ಅಗುಳಿ ನಮ್ಮೂರಿನ ಹಳೆಯ ಮನೆಗಳಲ್ಲಿ ಈಗಲೂ ಇದೆ: ಬಾಗಿಲಿನ ಒಳಬದಿಯಲ್ಲಿ ಒಂದು ಗೋಡೆಯೊಳಗಿನಿಂದ ಎಳೆದು, ಎದುರು ಗೋಡೆಯ ಕಲ್ಲಿನ ಗೂಡಿಗೆ ತುದಿ ಸೇರಿಸುವುದು. ಎಳೆಯಲು ಹಿಡಿಯಷ್ಟು ದಪ್ಪದ ಒಂದು ಗೂಟವಿರುತ್ತದೆ. ಪಾಠದ ಅಗುಳಿಯ ನಟ್ಟನಡುವೆ ಒಂದು ಹೊಳಪು, ಹೆಬ್ಬೆರಳಗಲದ ತಗ್ಗು. ದಿನಾ ಬೆಳಿಗ್ಗೆ ಒಬ್ಬೊಬ್ಬರೇ ಬಂದು ಕಣ್ಣು ಮುಚ್ಚಿ, ಆ ತಗ್ಗಿನಲ್ಲಿ ಹೆಬ್ಬೆರಳಿಟ್ಟು ಆಚೀಚೆ ಸವರುತ್ತ ಪಾಠ ಒಪ್ಪಿಸಬೇಕು: "ಈ ಮನೆಯ ಹೆಣ್ಣುಮಗಳು ಹೋಗಬೇಕೋ ಬೇಡವೋ ಎಂದು ದಿನವೂ ಬಂದು ಇಲ್ಲಿ ಕೈಯಿಟ್ಟಳು. ಒಂದು ದಿನ ಸದ್ದಾಗದಂತೆ ಸರಿಸಿದಳು. ತಾನಾಗಿ ಹೋದಳು. ಹಿಂದಿರುಗಿ ನೋಡಲಿಲ್ಲ." ಮೂವತ್ತೊಂದು ವರ್ಷದ ಹಿಂದೆ ಮೇಷ್ಟ್ರು ಓದಿದ ಓದು ಇದು. ಇದರಿಂದಲೇ ಅವರಿಗೆ ಹೆಸರು ಬಂತು. ಕೇಳಿದವರ ಕಣ್ಣಲ್ಲಿ ನೀರು ಬರುತ್ತಿತ್ತು. ಎಲ್ಲದರ ಮೇಲೂ ಅನುಮಾನಪಡುವ ನಾನು ಇದರ ಮೇಲೆ ಮಾತ್ರ ಯಾವತ್ತೂ ಪಡಲಿಲ್ಲ, ಬಹಳ ಚೆನ್ನಾಗಿತ್ತಲ್ಲ, ಅದಕ್ಕೇ ಇರಬೇಕು.

ಕಳೆದ ಮಾಘದಲ್ಲಿ ಒಂದು ಬೆಳಿಗ್ಗೆ ನಾನು ಹೊಸಬರಿಗೆ ಈ ಪಾಠ ಹೇಳಿಕೊಡುತ್ತಿದ್ದೆ. "ಹಿಂದಿರುಗಿ ನೋಡಲಿಲ್ಲ" ಎಂದು ಎಲ್ಲರೂ ಒಟ್ಟಾಗಿ ಹೇಳಿ ಮುಗಿಸಿದಾಗ ಬಾಗಿಲ ಕಡೆಯಿಂದ ಒಂದು ಧ್ವನಿ ಬಂತು.

"ಯಾರವ್ವ ಹಂಗಂದೋರು? ಅಗುಳಿಗೇನು ಕಣ್ಣಿತ್ತಾ?"

ಅರುವತ್ತರ ಹತ್ತಿರದ ಹೆಂಗಸು. ಕೈಯಲ್ಲಿ ಬಟ್ಟೆಯ ಗಂಟು, ಕಾಲಿಗೆ ಬೇರೆ ಊರಿನ ಚಪ್ಪಲಿ. ಬಂದು ಅಗುಳಿಯನ್ನು ನೋಡಿದಳು, ಮುಟ್ಟಲಿಲ್ಲ. "ಇದು ನಮ್ಮನೆದು. ನಾನು ಚಿಕ್ಕತಾಯಮ್ಮ, ಬೋರಲಿಂಗಯ್ಯನ ತಂಗಿ" ಎಂದಳು. ನಮ್ಮ ಪಾಠದಲ್ಲಿದ್ದ ಹೆಣ್ಣುಮಗಳು ಪಾಠದೊಳಗಿಂದ ಎದ್ದು ಬಂದು ಎದುರಿಗೆ ನಿಂತಿದ್ದಳು. ನಾನು ಮರ್ಯಾದೆಗೆ "ಹೌದಾ?" ಎಂದೆ.

ಅವಳು ಹೇಳಿದ್ದು ಇಷ್ಟು. ಗಂಡ ಸತ್ತ ಮೇಲೆ ಅಣ್ಣನ ಮನೆಯಲ್ಲಿದ್ದಳು. ಒಂದು ದಿನ ಮೇಲಿನ ಬೀದಿಯಲ್ಲಿ ಯಾರದೋ ಮಗುವಿಗೆ ಹೆಸರಿಡುವ ಶಾಸ್ತ್ರಕ್ಕೆ ಹೋಗಿ, ದೀಪ ಹಚ್ಚುವ ಹೊತ್ತಿಗೆ ಬಂದರೆ ಬಾಗಿಲು ಹಾಕಿತ್ತು. "ಕೂಗ್ದೆ. ಬಡ್ದೆ. ಭುಜ ಕೊಟ್ಟು ನೂಕ್ದೆ. ಒಳಗೆ ಉಸಿರಾಡೋದು ಕೇಳ್ತಿತ್ತು ಕಣವ್ವ, ಬಾಗ್ಲು ಮಾತ್ರ ತೆಗೀಲಿಲ್ಲ." ಹೊಳೆಯಾಚೆಯ ಪಟ್ಟಣಕ್ಕೆ ಹೋಗಿ ಒಂದು ಹಾಸ್ಟೆಲಿನಲ್ಲಿ ಅಡಿಗೆಗೆ ಸೇರಿದಳು. ಅಗುಳಿ ಭಂಡಾರಕ್ಕೆ ಹೋಗುತ್ತದೆ, ಓದುಗಾರರು ಇದ್ದದ್ದನ್ನು ಹೇಳುತ್ತಾರೆ, ಅಣ್ಣ ಕರೆಯಲು ಬಂದೇ ಬರುತ್ತಾನೆ ಎಂದು ಕಾದಳು. ವರ್ಷಕ್ಕೊಂದರಂತೆ ಗೌರಿ ಹಬ್ಬಕ್ಕೆ ಕಾಗದ ಹಾಕಿದಳು. ಈಗ ಹಾಸ್ಟೆಲು ಮುಚ್ಚಿದೆ, ಮಂಡಿ ಹಿಡಿದಿದೆ, ಅಣ್ಣ ಸತ್ತ ಸುದ್ದಿ ಮೊನ್ನೆ ಗೊತ್ತಾಯಿತು. "ಮೂವತ್ತೊಂದು ವರ್ಷ ಊರೆಲ್ಲ ನಾನಾಗೇ ಹೋದೆ ಅಂತ ಪಾಠ ಹೇಳ್ಕತಿತ್ತಾ?" ಎಂದು ಕೇಳಿದಳು.

ಅವಳು ಮರುಓದು ಕೇಳಿದಳು. ಯಾರಾದರೂ ಬದುಕಿನಲ್ಲಿ ಒಂದೇ ಸಲ ಕೇಳಬಹುದು. ಎಲ್ಲರೆದುರು ಒಮ್ಮೆಯೂ ಓದಿರದ ಒಬ್ಬ ಕಲಿಯುವವರು ಅದನ್ನು ಮಾಡಬೇಕು. ಮತ್ತೆ ತಾನಾಗಿ ಹೋದಳೆಂದೇ ಬಂದರೆ ಆ ಸಂಜೆಯೇ ಊರು ಬಿಡಬೇಕು, ಇನ್ನೊಮ್ಮೆ ಕಾಲಿಡುವಂತಿಲ್ಲ. ಮರುಓದನ್ನು ಹಿರಿಯರು ಒಪ್ಪಿದರೆ ಓದಿದವರಿಗೆ ಓದುಗಾರರ ಚಾಪೆ ಸಿಗುತ್ತದೆ. ಹನ್ನೊಂದು ವರ್ಷದಿಂದ ನಾನು ಕಾದಿದ್ದದ್ದು ಆ ಚಾಪೆಗೇ. ಮೇಷ್ಟ್ರು ನಮ್ಮ ಮುಖಗಳನ್ನೆಲ್ಲ ಒಂದು ಸುತ್ತು ನೋಡಿ, "ದೇವೀರಿ ಮಾಡ್ತಾಳೆ" ಎಂದರು. ಯಾಕೆ ನನ್ನನ್ನೇ ಆರಿಸಿದರೆಂದು ನನಗೆ ಆ ಕ್ಷಣದಿಂದಲೇ ಅನುಮಾನ ಶುರುವಾಯಿತು.

ಮೊದಲು ಚಿಕ್ಕತಾಯಮ್ಮನ ಮೇಲೆಯೇ ಅನುಮಾನಪಟ್ಟೆ. ಕೈ ತೋರಿಸಿ ಎಂದೆ. ಎರಡೂ ಮುಂಗೈಗಳ ಒಳಬದಿಯಲ್ಲಿ ಸುಟ್ಟ ಗೆರೆಗಳು ಒಂದರ ಮೇಲೊಂದು ಇದ್ದವು, ದೊಡ್ಡ ಹಂಡೆ ಇಳಿಸುವವರಿಗೆ ಆಗುವಂಥವು. ಅಡಿಗೆಯ ಮಾತು ನಿಜ. ಆದರೆ ಅಡಿಗೆ ಮಾಡಿದವರೆಲ್ಲ ಸತ್ಯವಂತರೇನಲ್ಲ. "ನೋಡ್ಕಳವ್ವ, ಚೆನ್ನಾಗ್ ನೋಡ್ಕ" ಎಂದು ಅವಳು ಕೈಯನ್ನು ಹಾಗೇ ಚಾಚಿಕೊಂಡು ಕೂತಿದ್ದಳು, "ನನ್ನ ಯಾರಾದ್ರೂ ನೋಡ್ಲಿ ಅಂತ್ಲೇ ಬಂದಿರೋದು." ನನಗೆ ನಾಚಿಕೆಯಾಯಿತು. ಆದರೂ ಚಪ್ಪಲಿಯ ಅಟ್ಟೆಯನ್ನು ತಿರುಗಿಸಿ ನೋಡಿಯೇ ಬಿಟ್ಟೆ.

ಮಾರನೆಯ ದಿನ ಬೋರಲಿಂಗಯ್ಯನ ಮನೆಗೆ ಹೋದೆ. ಅವನ ಹೆಂಡತಿ ಗೌರಮ್ಮ ಒಬ್ಬಳೇ ಇದ್ದಳು. ಮಜ್ಜಿಗೆ ಕೊಟ್ಟಳು. ನಾನು ಲೋಟದ ತಳ ನೋಡಿದ್ದು ಅವಳಿಗೆ ಕಂಡಿತು.

"ವಿಷ ಹಾಕಿಲ್ಲ ಕಣವ್ವ, ಕುಡಿ. ನಾದಿನಿ ಹೋದ್ಲು ಅಂದ್ರೆ ಹೋದ್ಲು. ಮೇಷ್ಟ್ರೇ ಓದಿದಾರೆ. ಅವಳು ಎಲ್ಲಿದಾಳೆ ಅಂತ ಒಂದು ಕಾಗದಾನಾದ್ರೂ ಬಂತಾ ನಮಗೆ?"

"ಬರಲೇ ಇಲ್ವಾ?"

"ನಿಮ್ಮವ್ವನಾಣೆ ಬರಲಿಲ್ಲ" ಎಂದಳು. ಬೇರೆಯವರ ಅವ್ವನ ಮೇಲೆ ಆಣೆಯಿಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ಬೀದಿ ಬಾಗಿಲ ಹಿಂದೆ ಈಗಿದ್ದ ಅಗುಳಿ ನೋಡಿದೆ. ಹಳೆಯದನ್ನು ಭಂಡಾರಕ್ಕೆ ಕೊಟ್ಟ ವಾರ ಮಾಡಿಸಿದ್ದು, ಅದಕ್ಕೂ ಮೂವತ್ತೊಂದು ವರ್ಷ. ದಿನಾ ಎರಡು ಸಲ ಎಳೆದಿದ್ದಾರೆ. ಗೂಟ ಹುಣಸೆ ಬೀಜದ ಹಾಗೆ ಮಿರುಗುತ್ತಿತ್ತು. ನಡುಭಾಗ ಒರಟೊರಟಾಗಿ, ಉಳಿಯ ಗೀರು ಕೂಡ ಮಾಸದೆ, ಧೂಳು ಹಿಡಿದು ಕೂತಿತ್ತು. ನಾನು ಎರಡು ಸಲ ಬಗ್ಗಿ ನೋಡಿದೆ. ಇರುವ ಗೂಟ ಬಿಟ್ಟು ನಡುವಿಗೆ ಯಾರು ಕೈ ಹಾಕುತ್ತಾರೆ? ಹಾಗಾದರೆ ಹಳೆಯ ಅಗುಳಿಯ ನಡುವೆ ಆ ಹೊಳಪು ಎಲ್ಲಿಂದ ಬಂತು? ಎದುರು ಗೋಡೆಯ ಕಲ್ಲಿನ ಗೂಡಿಗೆ ಬೆರಳು ಹಾಕಲು ಹೋದೆ. "ಕೈ ಹಾಕಬ್ಯಾಡ, ಜೇಡ ಅದೆ" ಎಂದು ಗೌರಮ್ಮ ಅಡ್ಡ ಬಂದಳು. ಜೇಡವಿತ್ತೋ ಇಲ್ಲವೋ, ಅವಳು ಅಲ್ಲಿಂದ ಅಲುಗಲಿಲ್ಲ.

ಹೊರಡುವಾಗ ಅಡಿಗೆಮನೆಯ ಗೂಡಿನಲ್ಲಿದ್ದ ಉಪ್ಪಿನಕಾಯಿ ಜಾಡಿ ಕಣ್ಣಿಗೆ ಬಿತ್ತು. ಬಾಯಿಗೆ ಬಿಳಿ ಕಾಗದ ಕಟ್ಟಿ ದಾರ ಸುತ್ತಿತ್ತು. ಯಾವ ಕಾಗದ ಎಂದೆ. ಅಂಗಡಿಯದು ಎಂದಳು. ನಾನು ಹತ್ತಿರ ಹೋದೆ. ಕಾಗದದ ಮೇಲೆ ಉದ್ದಕ್ಕೆ ಎರಡು ಮಡಿಕೆ, ಅಡ್ಡಕ್ಕೆ ಒಂದು. ಲಕೋಟೆಯೊಳಗೆ ಕೂರಿಸುವ ಮಡಿಕೆ ಅದು. ಮಡಿಕೆಗಳೆಲ್ಲ ನವೆದು ಬಟ್ಟೆಯಂತೆ ಮೆತ್ತಗಾಗಿದ್ದವು, ಎರಡು ಕಡೆ ಬೆಳಕು ತೂರುತ್ತಿತ್ತು. ನೂರಾರು ಸಲ ಬಿಚ್ಚಿ ಮಡಿಸಿದ ಕಾಗದ. ಅಂಗಡಿ ಕಾಗದವನ್ನು ಯಾರು ನೂರು ಸಲ ಬಿಚ್ಚಿ ನೋಡುತ್ತಾರೆ? ನಾನು ಮಜ್ಜಿಗೆ ಚೆನ್ನಾಗಿತ್ತೆಂದು ಹೇಳಿ ಹೊರಟೆ.

ಭಂಡಾರಕ್ಕೆ ಬರುವಷ್ಟರಲ್ಲಿ ನನ್ನ ತಲೆಯಲ್ಲಿ ಇಡೀ ಸಂಚು ಸಿದ್ಧವಾಗಿತ್ತು. ಗೌರಮ್ಮ ಯಾರನ್ನೋ ಹಿಡಿದು ಅಗುಳಿಯ ನಡುವನ್ನು ಉಜ್ಜಿಸಿದ್ದಾಳೆ. ಅಥವಾ ಅಗುಳಿಯನ್ನೇ ಬದಲಿಸಿದ್ದಾಳೆ. ಅಥವಾ ಮೇಷ್ಟ್ರು ಹೆಸರಿಗೋಸ್ಕರ ತಾವೇ ಏನೋ ಮಾಡಿದ್ದಾರೆ. ಎಲ್ಲರೂ ಊಟಕ್ಕೆ ಹೋದ ಹೊತ್ತು ನೋಡಿ ಅಗುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮೂಸಿದೆ. ಗೂಟದ ಹತ್ತಿರ ಹಳೆಯ ಒಲೆಹೊಗೆಯ ವಾಸನೆ ಇನ್ನೂ ಸಣ್ಣಗೆ ಇತ್ತು. ನಡುವಿನ ಹೊಳಪಿನಲ್ಲಿ ಹೊಗೆಯ ವಾಸನೆ ಇರಲಿಲ್ಲ, ನಸ್ಯದ ವಾಸನೆ ಇತ್ತು. ಸಿಕ್ಕಿಬಿದ್ದಿರಿ ಮೇಷ್ಟ್ರೇ ಎಂದುಕೊಂಡೆ. ಇನ್ನೊಮ್ಮೆ ಮೂಸಿದೆ. ನಸ್ಯದ ಜೊತೆ ಕೊಬ್ಬರಿ ಎಣ್ಣೆ, ಅದರ ಜೊತೆ ಮೆಂತ್ಯ. ಮೆಂತ್ಯ ಹಾಕಿ ಕಾಯಿಸಿದ ಎಣ್ಣೆಯನ್ನು ತಲೆಗೆ ಹಚ್ಚುವವಳು ಭಂಡಾರದಲ್ಲಿ ನಾನೊಬ್ಬಳೇ.

ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಹೆಬ್ಬೆರಳಿಟ್ಟೆ. ತಗ್ಗಿನಲ್ಲಿ ಅದು ತನ್ನ ಹಾಸಿಗೆಯಲ್ಲಿ ಮಲಗುವ ಹಾಗೆ ಹೋಗಿ ಕೂತಿತು. ಹನ್ನೊಂದು ವರ್ಷ, ದಿನಾ ಬೆಳಿಗ್ಗೆ, ಆಚೆ ಒಮ್ಮೆ ಈಚೆ ಒಮ್ಮೆ. ನನಗಿಂತ ಮೊದಲು ಕಲಿತವರು, ಅವರಿಗಿಂತ ಮೊದಲು ಕಲಿತವರು. ಹೋಗಬೇಕೋ ಬೇಡವೋ ಎಂದು ದಿನವೂ ಬಂದು ಕೈಯಿಟ್ಟವರು ನಾವು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಆಮೇಲೆ ಮೇಯ್ದದ್ದು ಯಾರೆಂದು ಹೊಲಕ್ಕೆ ಪಾಠ ಹೇಳಿತ್ತು. ನನಗೆ ಬಂದ ಸಿಟ್ಟಿಗೆ ಆ ಬೆರಳನ್ನೇ ಕಚ್ಚಿಕೊಂಡೆ. ಊರಿನಲ್ಲಿ ಎಲ್ಲರ ಕೈಯನ್ನೂ ತಿರುಗಿಸಿ ನೋಡಿದ್ದೆ, ನನ್ನದೊಂದನ್ನು ಬಿಟ್ಟು.

ಅಷ್ಟಾದರೂ ಅವಳು ತಾನಾಗಿ ಹೋಗಲಿಲ್ಲವೆಂದು ಹೇಳಿದಂತಾಗಲಿಲ್ಲ. ಹೊಳಪು ನಮ್ಮದು ಎಂಬುದಷ್ಟೇ ಕಂಡದ್ದು. ಆದ್ದರಿಂದ ನಾವು ಯಾರೂ ಮುಟ್ಟದ ಜಾಗ ಹುಡುಕಿದೆ. ಅಗುಳಿಯನ್ನು ಯಾವಾಗಲೂ ತುದಿ ಗೋಡೆಯ ಕಡೆಗಿರುವಂತೆ ಇಡುತ್ತಿದ್ದೆವು, ಪಾಠಕ್ಕೆ ಬೇಕಾದದ್ದು ನಡು ಮಾತ್ರ. ತುದಿಯ ಧೂಳು ಊದಿದೆ. ಮನೆಯ ಒಳಗಡೆಗೆ ಇರುವ ಮೈಯಲ್ಲಿ, ತುದಿಯಿಂದ ನಾಲ್ಕು ಬೆರಳು ಈಚೆಗೆ, ಒಂದು ಕಚ್ಚು ಇತ್ತು. ಕೊಡಲಿಯದಲ್ಲ, ಉಳಿಯದಲ್ಲ. ಯಾವುದೋ ಕಲ್ಲಿನ ಅಂಚು ಬಲವಾಗಿ ಒತ್ತಿ ಮರ ನಜ್ಜಿದ್ದು. ಕಚ್ಚಿನ ನಡುವೆ ಜೋಳದ ಕಾಳಿನಷ್ಟು ಜಾಗ ನಜ್ಜದೆ ಹಾಗೇ ಉಬ್ಬಿ ನಿಂತಿತ್ತು. ಹೊರಗಿನಿಂದ ಬಾಗಿಲನ್ನು ನೂಕಿದರೆ ಅಗುಳಿ ಒಳಕ್ಕೆ ಒತ್ತಿ, ತುದಿ ಕಲ್ಲಿನ ಗೂಡಿನ ಅಂಚಿಗೆ ಕಚ್ಚಿಕೊಳ್ಳುತ್ತದೆ. ಗೌರಮ್ಮ ಗೂಡಿಗೆ ಅಡ್ಡ ನಿಂತದ್ದು ನೆನಪಾಯಿತು. ಭಂಡಾರದ ಹಲಗೆಯಲ್ಲೇನಾದರೂ ಅಂಥ ಅಂಚಿದೆಯೇ ಎಂದು ಹಲಗೆಯುದ್ದಕ್ಕೂ ಸವರಿದೆ. ಇರಲಿಲ್ಲ.

ಸಂಜೆ ಮೇಷ್ಟ್ರ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದರು. ಎಲ್ಲ ಹೇಳಿ, "ಮೊದಲ ದಿನ ನೀವು ಓದಿದಾಗ ಆ ಹೊಳಪು ಇತ್ತಾ ಮೇಷ್ಟ್ರೇ?" ಎಂದು ಕೇಳಿದೆ.

"ಇತ್ತು" ಎಂದರು. ನಸ್ಯ ಏರಿಸಿದರು. ನಸ್ಯದ ಡಬ್ಬಿ ಮುಚ್ಚುತ್ತ, "ಇತ್ತು ಅಂತ ಜ್ಞಾಪಕ. ಮೂವತ್ತೊಂದು ವರ್ಷದಿಂದ ದಿನಾ ಇತ್ತು ಇತ್ತು ಅಂದಿದೀನಿ ಕಣೆ ದೇವೀರಿ. ಕಂಡಿದ್ದು ಜ್ಞಾಪಕವೋ, ಅಂದಿದ್ದು ಜ್ಞಾಪಕವೋ, ನನಗೆ ಗೊತ್ತಾಗ್ತಿಲ್ಲ."

"ಊರವರು ಹೇಳಿದ್ದನ್ನ ಕೇಳಿ ಓದಿದ್ರಾ?"

"ಗೌರಮ್ಮ ಅಗುಳಿ ತಂದು ಕೊಡೋವಾಗ ಅಳ್ತಾ ಇದ್ಲು. ಹೋಗೇಬಿಟ್ಲು ಅಂತ ಅಂದ್ಲು." ತಮ್ಮ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡರು. "ಅವತ್ತು ನಾನು ಎರಡನ್ನೂ ಕಲಸಿದೆ ಅನ್ಸುತ್ತೆ."

"ನಾಳೆ ಎಲ್ಲರೆದುರು ಹೇಳ್ತೀನಿ."

"ಹೇಳು. ಇದೊಂದು ಬಿದ್ರೆ ಹಲಗೆ ಮೇಲಿರೋದೆಲ್ಲ ಬೀಳ್ತದೆ. ಊರೋರೆಲ್ಲ ಬಂದು ನಮ್ಮ ವಸ್ತು ತೋರ್ಸಿ, ಅದ್ರಲ್ಲಿ ನಿಮ್ಮ ಬೆರಳೆಷ್ಟು ನಮ್ಮ ಬೆರಳೆಷ್ಟು ಅಂತಾರೆ. ಓದುಗಾರರೇ ಬ್ಯಾಡ ಅಂದ್ಮೇಲೆ ನಿನ್ನ ಚಾಪೆನೂ ಇರಲ್ಲ."

"ನನ್ನನ್ನ ಯಾಕೆ ಆರಿಸಿದ್ರಿ?"

"ನೀನು ಅನುಮಾನದ ಪಿಶಾಚಿ ಅಂತ್ಲೇ" ಎಂದರು. ಸತ್ಯ ಹೊರಬರಲಿ ಎಂದು ಆರಿಸಿದರೋ, ಎಲ್ಲರನ್ನೂ ಬಿಟ್ಟು ಆ ಹೆಂಗಸಿನ ಮೇಲೆಯೇ ನಾನು ಅನುಮಾನಪಡುತ್ತೇನೆ ಎಂದು ಆರಿಸಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ಅವರು ಏನು ಹೇಳಿದರೂ ನಾನ್ಹೇಗೆ ನಂಬಲಿ?

ಮರುದಿನ ಹಜಾರ ತುಂಬಿತ್ತು. ಚಿಕ್ಕತಾಯಮ್ಮ ಒಂದು ಕಂಬಕ್ಕೆ ಒರಗಿ, ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಸೋತರೆ ಅಲ್ಲಿಂದಲೇ ಹೊರಡುವ ಹಾಗೆ. ಚಾಪೆಯ ಆಸೆ ನನಗಿರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಮೇಷ್ಟ್ರ ಓದನ್ನೇ ಇನ್ನೊಂದು ಸಲ ಒಪ್ಪಿಸಿದ್ದರೆ ಎಲ್ಲರೂ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದರು. ಒಂದು ಕ್ಷಣ ಅದೂ ಮನಸ್ಸಿಗೆ ಬಂತು. ಆಮೇಲೆ ಅಗುಳಿಯನ್ನು ಎತ್ತಿ ಹಿಡಿದು, "ಕಂಡದ್ದನ್ನ ಮೊದಲು ಹೇಳ್ತೀನಿ. ಈ ಹೊಳಪು ಆ ಮನೆಯದಲ್ಲ, ಭಂಡಾರದ್ದು. ಇದನ್ನ ಸವೆಸಿದವರು ಕಲಿಯುವವರು. ಅದರಲ್ಲಿ ನಾನೂ ಒಬ್ಬಳು" ಎಂದು ಹೆಬ್ಬೆರಳು ತೋರಿಸಿದೆ.

ಗದ್ದಲವೆದ್ದಿತು. ಯಾರೋ "ಹೌದಾ?" ಎಂದರು. ಈ ಸಲ ಅದು ಮರ್ಯಾದೆಗೆ ಕೇಳಿದ್ದಾಗಿರಲಿಲ್ಲ. ಮೂರು ನಾಲ್ಕು ಜನ ಎದ್ದು ಹಲಗೆಗಳ ಕಡೆ ನೋಡತೊಡಗಿದರು, ತಮ್ಮ ತಮ್ಮ ಮನೆಯ ವಸ್ತು ಎಲ್ಲಿದೆಯೆಂದು. ನಾನು ತುದಿಯ ಕಚ್ಚನ್ನೂ ತೋರಿಸಿದೆ. ಗೌರಮ್ಮ ಎದ್ದು ನಿಂತಳು. "ಒಂದು ಗುರುತು ನಿಮ್ಮದಂತೆ, ಇನ್ನೊಂದು ನಮ್ಮದಂತೆ. ಬೇಕಾದ್ದು ನಿಮ್ಮ ಕಡೆ, ಬ್ಯಾಡದ್ದು ನಮ್ಮ ಕಡೆ. ಅದೂ ಇಲ್ಲೇ ಆಗಿರಬೋದಲ್ಲ?" ಎಂದಳು. ಅವಳು ಕೇಳಿದ್ದು ಸರಿಯಾಗಿತ್ತು. ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ.

"ಹಾಗಾದರೆ ಬಾಗಿಲ ಹತ್ತಿರವೇ ಓದೋಣ" ಎಂದೆ.

ಭಂಡಾರದೊಳಗೆ ಬಂದ ವಸ್ತು ಹೊರಗೆ ಹೋದದ್ದಿಲ್ಲ. ಎಲ್ಲರೂ ಮೇಷ್ಟ್ರ ಮುಖ ನೋಡಿದರು. ಅವರು ಮೆಲ್ಲನೆ ಎದ್ದು ಬಂದು, ಹೆಗಲ ಮೇಲಿನ ವಲ್ಲಿಯನ್ನು ಕೈಗೆ ಸುತ್ತಿಕೊಂಡು, ಬರಿಗೈ ತಾಗದಂತೆ ಅಗುಳಿಯನ್ನು ಎತ್ತಿಕೊಂಡರು. ಮುಂದೆ ನಡೆದರು. ಊರು ಹಿಂದೆ ನಡೆಯಿತು.

ಬೋರಲಿಂಗಯ್ಯನ ಮನೆಯ ಬಾಗಿಲ ಮುಂದೆ ಚಿಕ್ಕತಾಯಮ್ಮ ನಿಂತಳು. ಮೂವತ್ತೊಂದು ವರ್ಷದ ಮೇಲೆ ಅವಳು ಆ ಬಾಗಿಲು ನೋಡಿದ್ದು. ಒಳಗೆ ಹೋದವರು ನಾನು, ಗೌರಮ್ಮ ಇಬ್ಬರೇ. ಈಗಿನ ಅಗುಳಿಯನ್ನು ತೆಗೆದು, ಮೇಷ್ಟ್ರು ತಂದುಕೊಟ್ಟ ಹಳೆಯದನ್ನು ಹಾಕಲು ಗೌರಮ್ಮನಿಗೇ ಹೇಳಿದೆ. ನನ್ನ ಎರಡು ಕೈಗಳನ್ನೂ ಸೆರಗಿನಲ್ಲಿ ಸುತ್ತಿಕೊಂಡೆ. ಆಮೇಲೆ ಯಾರೂ ಅದರಲ್ಲಿ ನನ್ನ ಬೆರಳಿತ್ತು ಎನ್ನಬಾರದು. ಗೌರಮ್ಮ ಅಗುಳಿಯನ್ನು ಗೋಡೆಯೊಳಗೆ ಸೇರಿಸಿ ಎಳೆದಳು. ಅವಳ ಕೈ ನೋಡದೆಯೇ ಗೂಟಕ್ಕೆ ಹೋಯಿತು, ನಡುವಿಗೆ ಹೋಗಲಿಲ್ಲ. ನಾನು ನೋಡುತ್ತಿದ್ದದ್ದು ಕಂಡು ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ನಾನು ಬಗ್ಗಿ ಗೂಡು ನೋಡಿದೆ. ಜೇಡ ನಿಜವಾಗಿಯೂ ಇತ್ತು. ಗೂಡಿನ ಕಲ್ಲಿನ ಒಳ ಅಂಚಿನಲ್ಲಿ ಜೋಳದ ಕಾಳಿನಷ್ಟು ಒಂದು ಮುಕ್ಕೂ ಇತ್ತು.

"ನೂಕಿ ಅಮ್ಮಾ" ಎಂದು ಕೂಗಿದೆ.

ಹೊರಗೆ ಏನೂ ಆಗಲಿಲ್ಲ. ಆಮೇಲೆ ಬಾಗಿಲಿಗೆ ಭುಜ ತಾಗಿದ ಸದ್ದಾಯಿತು. ಮುದುಕಿಯ ಭುಜ, ಹೆಚ್ಚು ಬಲವಿರಲಿಲ್ಲ. ಇನ್ನೊಮ್ಮೆ ನೂಕಿದಳು. ಬಾಗಿಲು ಕೂದಲೆಳೆಯಷ್ಟು ಒಳಕ್ಕೆ ಬಂತು, ಅಗುಳಿ ಒತ್ತಿತು, ಗೂಡಿನೊಳಗೆ ಟಕ್ ಎಂದು ಏನೋ ಕೂತಿತು. ಕಲ್ಲಿನ ಅಂಚು ಮರದ ಕಚ್ಚಿನೊಳಗೆ ಹೋಗಿತ್ತು. ನಜ್ಜದೆ ಉಳಿದಿದ್ದ ಉಬ್ಬು ಕಲ್ಲಿನ ಮುಕ್ಕಿನಲ್ಲಿ ಸರಿಯಾಗಿ ತುಂಬಿಕೊಂಡಿತ್ತು, ಎಳೆ ಹೆಚ್ಚಿಲ್ಲ ಎಳೆ ಕಮ್ಮಿಯಿಲ್ಲ.

ಗೌರಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಾನು ಏನೂ ಕೇಳಿರಲಿಲ್ಲ.

"ಅವತ್ತೂ ಇದೇ ಸದ್ದು" ಎಂದಳು. "ಒಂದಲ್ಲ ಎರಡಲ್ಲ, ದೀಪದ ಎಣ್ಣೆ ತೀರೋಗಂಟ. ಅವಳಣ್ಣ ಇಲ್ಲೇ, ಈ ಗೋಡೆಗೆ ಒರಗಿ ಕೂತಿದ್ದ. ತೆಗೀ ಅಂತ ಅವನೂ ಅನ್ನಲಿಲ್ಲ, ತೆಗೀಲಾ ಅಂತ ನಾನೂ ಕೇಳಲಿಲ್ಲ. ಅವಳ ಕೈಯಡಿಗೆ ಅಂದ್ರೆ ಅವನಿಗೆ ಪ್ರಾಣ ಕಣವ್ವ. ನಾನು ಮಾಡಿದ್ದು ತಟ್ಟೆಲೇ ಉಳೀತಿತ್ತು. ಒಂದು ರಾತ್ರಿ ಹೊರಗಿರಲಿ, ಬುದ್ಧಿ ಬರಲಿ ಅಂದ್ಕಂಡೆ. ಬೆಳಿಗ್ಗೆ ನೋಡಿದ್ರೆ ಇರಲಿಲ್ಲ."

"ಕಾಗದ?"

"ಬಂದ್ವು. ಬಚ್ಚಿಡ್ತಿದ್ದೆ, ಹುಡುಕಿ ತೆಗೀತಿದ್ದ. ಅವನಿಗೆ ಓದೋಕೇ ಬರ್ತಿರಲಿಲ್ಲ, ಅಕ್ಷರ ಇದ್ರೇನು ಹೋದ್ರೇನು? ಬಿಚ್ಚೋನು, ಮಡಿಸೋನು. ಬಿಚ್ಚೋನು, ಮಡಿಸೋನು. ಸಾಯೋಗಂಟ ಅದೇ ಕೆಲಸ." ಸೆರಗಿನಿಂದ ಮುಖ ಒರೆಸಿಕೊಂಡಳು. "ಒಂದು ಜಾಡಿಗೆ ಕಟ್ಟಿದೀನಿ. ಮಿಕ್ಕಿದ್ದು ಪೆಟ್ಟಿಗೇಲವೆ."

ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹೊರಗಿನಿಂದ ಚಿಕ್ಕತಾಯಮ್ಮನ ಧ್ವನಿ ಕೇಳಿತು, ಕೂಗಿದ್ದಲ್ಲ, ಬಾಗಿಲ ಸಂದಿಗೆ ಬಾಯಿಟ್ಟು ಹೇಳಿದ್ದು. "ಅತ್ತಿಗೆ, ನಾನು."

ಗೌರಮ್ಮ ಗೋಡೆ ಹಿಡಿದು ಎದ್ದಳು. ಗೂಟದ ಮೇಲೆ ಕೈಯಿಟ್ಟಳು. ಇಟ್ಟು ಹಾಗೇ ನಿಂತಳು. ಇವಳು ತೆಗೆಯುವುದಿಲ್ಲ, ಇಷ್ಟೆಲ್ಲ ಹೇಳಿಯೂ ಇವಳು ತೆಗೆಯುವುದಿಲ್ಲ ಎಂದು ನನ್ನ ಅನುಮಾನ ಒಳಗೆ ಕುಟ್ಟುತ್ತಿತ್ತು. ಅಗುಳಿ ನನ್ನಿಂದ ಒಂದೇ ಹೆಜ್ಜೆ ದೂರದಲ್ಲಿತ್ತು, ನಾನೇ ಎಳೆದುಬಿಡಬಹುದಿತ್ತು. ಸೆರಗಿನೊಳಗೆ ನನ್ನ ಹೆಬ್ಬೆರಳು ತಾನಾಗಿ ಆಚೀಚೆ ಆಡುತ್ತಿತ್ತು. ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಎರಡು ಹೆಜ್ಜೆ ಹಿಂದಕ್ಕೆ ಸರಿದೆ.

ಗೂಟ ಅಲುಗಿತು. ಅಗುಳಿ ಕಲ್ಲನ್ನು ಕೆರೆದುಕೊಂಡು ಗೂಡಿನಿಂದ ಈಚೆ ಬಂತು. ಎಳೆದವಳು ಗೌರಮ್ಮನೇ. ನಾನು ಮುಟ್ಟಿರಲಿಲ್ಲ.